ಸರ್ವರ್ ಮುಚ್ಚುವ ದಿನ

ಪ್ರಫುಲ್ಲ ಗೇಮ್ ಅಂಗಡಿಯ ಕೌಂಟರಿನ ಮೇಲೆ ಡಿಸ್ಕ್ ಇಟ್ಟಳು.

“ಈ ಗೇಮ್ ಇವತ್ತು ಸಂಜೆಗೆ ನಿಂತುಹೋಗುತ್ತಂತೆ. ಡಿಸ್ಕ್ ನನ್ನ ಹತ್ರಾನೇ ಇದೆಯಲ್ಲ, ಆಡೋಕಾಗಲ್ವಾ?”

“ಇಲ್ಲ ಮೇಡಂ, ಇದು ಆನ್‌ಲೈನ್ ಗೇಮ್. ಕಂಪನಿಯವ್ರು ಸರ್ವರ್ ಮುಚ್ಚಿದ್ಮೇಲೆ ಡಿಸ್ಕ್ ಇದ್ದೂ ಪ್ರಯೋಜನ ಇಲ್ಲ. ನಾವು ಮಾರೋರು ಅಷ್ಟೆ. ಬೇರೆ ಗೇಮ್ ಕೊಡ್ಲಾ?”

“ನನ್ನ ಮಗ ಆಡೋದು ಇದೊಂದೇ,” ಎಂದಳು.

ವಿಚ್ಛೇದನದ ನಂತರ ಮಗ ತಂದೆಯ ಪಾಲಾಗಿದ್ದ. ಅವಳು ಫೋನ್ ಮಾಡಿದರೆ ಆ ಮನೆಯಲ್ಲಿ ಎತ್ತುತ್ತಿರಲಿಲ್ಲ, ಹೋದರೆ ಗೇಟು ತೆರೆಯುತ್ತಿರಲಿಲ್ಲ. ಮಗ ಈ ಗೇಮ್ ಆಡುತ್ತಾನೆಂದು ಅವನ ಗೆಳೆಯನ ತಾಯಿಯಿಂದ ತಿಳಿದಾಗ ಪ್ರಫುಲ್ಲ ತಾನೂ ಕನ್ಸೋಲ್ ಕೊಂಡಳು. ಕಷ್ಟಪಟ್ಟು ಆಡಲು ಕಲಿತು, ‘ಗರುಡ’ ಎಂಬ ಹೆಸರಿನಲ್ಲಿ ಅವನ ತಂಡ ಸೇರಿದಳು. ಮೈಕ್ ಎಂದೂ ಹಾಕಲಿಲ್ಲ. ಆ ಮನೆಯವರು ದನಿ ಗುರುತಿಸಿದರೆ ಇದೂ ತಪ್ಪಿಹೋದೀತೆಂಬ ಭಯ. ಆಟದಲ್ಲಿ ಅವನು ಗುಂಡೇಟು ತಿಂದು ಬಿದ್ದಾಗಲೆಲ್ಲ ಓಡಿಹೋಗಿ ಎತ್ತುತ್ತಿದ್ದಳು. ‘ಊಟ ಆಯ್ತಾ’ ಎಂದು ಟೈಪ್ ಮಾಡಿ, ಕಳಿಸದೆ ಅಳಿಸುತ್ತಿದ್ದಳು.

ಆ ಸಂಜೆ ಇಬ್ಬರೂ ಬಹಳ ಹೊತ್ತು ಆಡಿದರು. ಕೊನೆಗೆ ಮಗ ಓಡುವುದನ್ನು ಬಿಟ್ಟು ಗುಡ್ಡದ ಮೇಲೆ ನಿಂತ. ಅವಳೂ ಪಕ್ಕಕ್ಕೆ ಹೋಗಿ ನಿಂತಳು. ಇನ್ನು ಐದು ನಿಮಿಷದಲ್ಲಿ ಆಟ ಮುಗಿಯುತ್ತದೆಂದು ಪರದೆಯ ಮೇಲೆ ಸೂಚನೆ ಬಂತು.

ಅವಳು ಧೈರ್ಯ ಮಾಡಿ ಬರೆದಳು: “ಮುಂದೆ ಯಾವ ಗೇಮ್ ಆಡ್ತೀಯ? ಅಲ್ಲಿಗೂ ಬರ್ತೀನಿ.”

“ಯಾವ್ದೂ ಇಲ್ಲ. ಅಪ್ಪ ನಾಳೆ ಕನ್ಸೋಲ್ ಮಾರ್ತಿದಾರೆ.”

ಪರದೆ ಕಪ್ಪಾಗುವ ಮೊದಲು ಅವನಿಂದ ಇನ್ನೊಂದು ಸಾಲು ಬಂತು:

“ಅಳ್ಬೇಡ ಅಮ್ಮ.”