ಚರಣಕ್ಕೆ ಮುಂಚೆ

ಗಾಯಕಿ ತನ್ನ ಮೊಬೈಲನ್ನು ಸಂಗೀತ ನಿರ್ದೇಶಕರ ಮೇಜಿನ ಮೇಲಿಟ್ಟಳು. ಹಾಡುವ ಕೋಣೆಯೊಳಗೆ ಅದನ್ನು ಒಯ್ಯುವಂತಿರಲಿಲ್ಲ.

"ಸರ್, ಅಮ್ಮ ಐಸಿಯುನಲ್ಲಿದ್ದಾರೆ. ಫೋನ್ ಬಂದ್ರೆ ತಕ್ಷಣ ಹೇಳಿ."

"ಹೇಳ್ತೀನಮ್ಮ."

ಅವಳು ಹಾಡಬೇಕಿದ್ದುದು ಅವರ ಹಳೆಯ ಮಟ್ಟು. ಮೊದಲು ನಾಟಕಕ್ಕೆ, ಆಮೇಲೆ ಪಾಪ್ ಆಲ್ಬಂಗೆ, ಈಗ ಸಿನಿಮಾಕ್ಕೆ. ಹತ್ತು ಟೇಕ್ ಆದರೂ ಚರಣದಲ್ಲಿ ಅವರಿಗೆ ಬೇಕಾದ ಅಳು ಬರಲಿಲ್ಲ. ಅವಳನ್ನು ಹೊರಗೆ ಕರೆದು ನಾಟಕದ ಹಳೆಯ ಧ್ವನಿಮುದ್ರಣ ಕೇಳಿಸಿದರು.

"ಯಾರ್ ಸರ್ ಇವ್ರು? ಹೇಗೆ ಹಿಂಗೆ ಅತ್ರು?"

"ನಮ್ಮ ನಾಟಕದ ನಟಿ. ಅವತ್ತು ಅವಳ ತಮ್ಮ ತೀರ್ಕೊಂಡ ಸುದ್ದಿ ಬಂದಿತ್ತು. ಪಲ್ಲವಿ ಮುಗಿದ ಕೂಡ್ಲೇ ಹಾರ್ಮೋನಿಯಂ ಮೇಲಿಂದ ಬಗ್ಗಿ ನಾನೇ ಹೇಳ್ದೆ."

"ಹಾಡು ಮುಗಿಯೋವರೆಗಾದ್ರೂ ಕಾಯಬಾರ್ದಿತ್ತಾ ಸರ್?"

"ಕಾದಿದ್ರೆ ಚರಣ ಹಾಳಾಗ್ತಿತ್ತು."

"ಪಾಪ್ ಆಲ್ಬಂನಲ್ಲಿ ಈ ಅಳು ಇಲ್ವಲ್ಲ?"

"ಆಗ ಯಾರೂ ಸಾಯ್ಲಿಲ್ಲ."

ಅವಳು ಒಳಗೆ ಹೋಗಿ ಪಲ್ಲವಿ ಹಾಡಿದಳು. ಚರಣಕ್ಕೆ ಮುಂಚಿನ ಕೊಳಲು ನುಡಿಯುತ್ತಿರುವಾಗ ಹೆಡ್‌ಫೋನಿನಲ್ಲಿ ಅವರ ದನಿ ಕೇಳಿಸಿತು.

"ಆಗ್ಲೇ ಆಸ್ಪತ್ರೆಯಿಂದ ಫೋನ್ ಬಂದಿತ್ತಮ್ಮ. ಅಮ್ಮ ಹೋಗ್ಬಿಟ್ರಂತೆ. ಹ್ಞೂಂ, ಚರಣ ತಗೋ."