ಸಾಧನೆಗಳ ಪಟ್ಟಿಯಲ್ಲಿ ಸೊಪ್ಪಿನ ಅಜ್ಜಿ

ಒಂದು ಚಿಕ್ಕ ಊರಿನ ಕಾಲೇಜು... ವಾರ್ಷಿಕ ವರದಿಗೆ ಅಧ್ಯಾಪಕರ ಸಾಧನೆಗಳ ಪಟ್ಟಿ ತಯಾರಾಗುತ್ತಿದ್ದ ವಾರ.

ಯಾರು ಪಿಎಚ್‌ಡಿ ಮುಗಿಸಿದರು, ಯಾರಿಗೆ ಪ್ರಶಸ್ತಿ ಬಂತು, ಯಾರ ಲೇಖನ ಎಲ್ಲಿ ಪ್ರಕಟವಾಯಿತು... ಎಲ್ಲವನ್ನೂ ಶನಿವಾರದ ಸ್ಟಾಫ್ ಮೀಟಿಂಗ್‌ನಲ್ಲಿ ಓದಿ ಒಪ್ಪಬೇಕಿತ್ತು.

ಸಸ್ಯಶಾಸ್ತ್ರ ವಿಭಾಗದಲ್ಲಿ ಆ ವರ್ಷ ಇದ್ದದ್ದು ಒಂದೇ ಸಾಧನೆ. ಅದೂ ಅತಿಥಿ ಉಪನ್ಯಾಸಕಿ ವೇದಾವತಿಯದು.

ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ, ಜನ ಬೆರಕೆ ಸೊಪ್ಪು ಎಂದು ಬೇಯಿಸಿ ಉಣ್ಣುವ ಅರವತ್ತಮೂರು ಗಿಡಗಳ ಬಗ್ಗೆ ಅವಳು ಬರೆದ ಲೇಖನವನ್ನು ಸಂಶೋಧನಾ ಪತ್ರಿಕೆಯೊಂದು ಒಪ್ಪಿಕೊಂಡಿತ್ತು.

ಅಚ್ಚಿಗೆ ಮುಂಚಿನ ಪ್ರತಿಯನ್ನು ನೋಡಿದ ವಿಭಾಗದ ಮುಖ್ಯಸ್ಥ ಅಶ್ವತ್ಥರೆಡ್ಡಿಯವರು ಕನ್ನಡಕ ತೆಗೆದರು.

"ಇದ್ಯಾರಮ್ಮ ಚಿಕ್ಕಪಿಳ್ಳಮ್ಮ? ಯಾವ ಯೂನಿವರ್ಸಿಟಿ?"

"ಸಂತೇಲಿ ಸೊಪ್ಪು ಮಾರ್ತಾರೆ ಸರ್. ಗಿಡಗಳನ್ನ ಒಂದೊಂದಾಗಿ ಗುರುತು ಹಿಡಿದು ಹೇಳಿದ್ದು ಅವರೇ. ಅದಕ್ಕೇ ಸಹಲೇಖಕಿ ಅಂತ ಹಾಕಿದೀನಿ."

ಅವರು ನಕ್ಕರು. "ಹಂಗಾದ್ರೆ ನಾಳೆ ನಮ್ಮ ಕ್ಯಾಂಟೀನಿಗೆ ಹಾಲು ಹಾಕೋನು ಪಶುವೈದ್ಯದ ಪೇಪರ್ ಬರೀತಾನೆ ಬಿಡಿ."

ನಗು ನಿಲ್ಲಿಸಿ ಅವರೇ ಮುಂದುವರಿಸಿದರು. "ಕೊನೇಲಿ 'ಸ್ಥಳೀಯರಿಗೆ ಧನ್ಯವಾದ' ಅಂತ ಒಂದು ಸಾಲು ಹಾಕಿ, ಸಾಕು. ಆಕೆ ಹೆಸರು ತೆಗೆದು ನನ್ನ ಹೆಸರು ಹಾಕಿ... ಮೊದಲನೇದಾಗಿ. ವಿಭಾಗದ ಪೇಪರ್ ಅಂದ್ಮೇಲೆ ಅದು ಪದ್ಧತಿ."

ಆಮೇಲೆ ಮೆಲ್ಲಗೆ ಸೇರಿಸಿದರು. "ಮುಂದಿನ ವರ್ಷದ ಗೆಸ್ಟ್ ಲೆಕ್ಚರರ್ ಲಿಸ್ಟಿಗೂ ನಾನೇ ಸೈನ್ ಹಾಕ್ಬೇಕಲ್ವಾ..."

ಒಂಬತ್ತು ವರ್ಷಗಳಿಂದ ಪ್ರತಿ ವರ್ಷವೂ ಆ ಒಂದು ಸೈನ್‌ಗಾಗಿ ಕಾದವಳು ವೇದಾವತಿ. ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಡಿಗ್ರಿ ಓದಿದವಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂಬ ಅಳುಕು ಅವಳನ್ನು ಎಂದೂ ಬಿಟ್ಟದ್ದಿಲ್ಲ.

'ಅವರು ಹೇಳೋದೇ ಸರಿಯೇನೋ... ಹೆಸರು ಕಟ್ಕೊಂಡು ಅಜ್ಜಿಗೆ ಏನಾಗ್ಬೇಕು?'

ಮರುದಿನ ಮಂಗಳವಾರ, ಸಂತೆ. ಮೂರು ವರ್ಷಗಳಿಂದ ಪ್ರತಿ ಮಂಗಳವಾರ ಕ್ಲಾಸಿಗೆ ಮುಂಚೆ ಅವಳು ಚಿಕ್ಕಪಿಳ್ಳಮ್ಮನ ಪಕ್ಕ ಗೋಣಿತಾಟಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ಅಂದು ಲೇಖನದ ಪ್ರತಿ ಹಿಡಿದು ತಲೆ ತಗ್ಗಿಸಿ ಕೂತಳು.

"ಅಜ್ಜಿ... ಇದ್ರಲ್ಲಿ ನಿಮ್ಮ ಹೆಸರು ತೆಗೀಬೇಕಾಗ್ತದೇನೋ."

"ತೆಗಿಯವ್ವ ಅತ್ಲಾಗೆ. ನಂಗೇನು ಓದಕ್ ಬರ್ತದಾ? ಎಲ್ಲಿ, ಬೊಂಬೆ ತೋರ್ಸು."

ಅಜ್ಜಿ ಹಾಳೆ ಮಗುಚುತ್ತಾ ಹೋದರು. ಅಣ್ಣೆ... ಹೊನಗೊನ್ನೆ... ಗೋಣಿ... ಒಂದು ಚಿತ್ರದ ಮೇಲೆ ಬೆರಳು ನಿಂತಿತು.

"ಇದನ್ನ ಏನಂತ ಬರ್ದಿದೀಯ?"

"ಗಣಿಕೆ ಸೊಪ್ಪು."

"ನಿನ್ ತಲೆ. ಇದು ಉಮ್ಮತ್ತಿ ಕಣವ್ವ, ಎಳೇದು. ಇದನ್ನ ಬೇಯ್ಸಿ ಉಂಡೋರಿಗೆ ತಲೆ ಕೆಡ್ತದೆ. ಜೀವಾನೂ ಹೋಯ್ತದೆ."

ವೇದಾವತಿ ಹಾಳೆಯನ್ನು ಕಣ್ಣಿಗೆ ಹತ್ತಿರ ತಂದು ನೋಡಿದಳು. ಅವಳು ತೆಗೆದ ಫೋಟೋ ಮಸುಕಾಗಿತ್ತೆಂದು ರೆಡ್ಡಿಯವರೇ ವಿಭಾಗದ ಹಳೆಯ ಫೈಲಿನಿಂದ ಕೊಟ್ಟ ಚಿತ್ರ ಅದು. ಅವಳೂ ನಂಬಿ ಹಾಕಿದ್ದಳು...

"ಹೂ ಬಿಟ್ಮೇಲೆ ಯಾರಾದ್ರೂ ಗುರ್ತು ಹಿಡೀತಾರೆ," ಎಂದರು ಅಜ್ಜಿ. "ನನ್ ಹೆಸ್ರು ಇಕ್ಕೋದು ಬಿಡೋದು ನಿನ್ನಿಷ್ಟ. ಆದ್ರೆ ಇಕ್ಕಿದ್ರೆ ತಪ್ಪಿರಬಾರ್ದು. ನಲವತ್ತು ವರ್ಷ ಆಯ್ತು... ನನ್ ಸೊಪ್ಪು ಉಂಡು ಒಬ್ರಿಗೂ ಹೊಟ್ಟೆ ನೊಂದಿಲ್ಲ."

ವೇದಾವತಿ ತಲೆ ಎತ್ತಿ ಅವರ ಮುಖ ನೋಡಿದಳು.

ಹೆಸರು ಬೇಡ ಅನ್ನುವವರು... ಆದರೆ ಆ ಹೆಸರಿಗೆ ಪೂರ್ತಿ ಹೊಣೆ ಹೊರುವವರು. ಲೇಖಕಿ ಅಂದರೆ ಇನ್ಯಾರು?

ಶನಿವಾರ. ಮೀಟಿಂಗ್‌ನಲ್ಲಿ ರೆಡ್ಡಿಯವರು ಗಂಟಲು ಸರಿಮಾಡಿಕೊಂಡು ಓದಿದರು. "ಸಸ್ಯಶಾಸ್ತ್ರ. ಲೇಖನ ಒಂದು. ಲೇಖಕರು, ಡಾಕ್ಟರ್ ಅಶ್ವತ್ಥರೆಡ್ಡಿ ಮತ್ತು ವೇದಾವತಿ."

ವೇದಾವತಿ ಎದ್ದು ನಿಂತಳು.

"ಹೆಸರು ತಪ್ಪಾಗಿದೆ ಸರ್. ವೇದಾವತಿ ಮತ್ತು ಚಿಕ್ಕಪಿಳ್ಳಮ್ಮ."

"ಕೂತ್ಕೊಳ್ಳಿ ಮೇಡಂ. ಇದು ಅಧ್ಯಾಪಕರ ಪಟ್ಟಿ, ಸಂತೆ ಚೀಟಿ ಅಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಅವಳು ಕೂರಲಿಲ್ಲ. ನೇರ ನಡೆದು ಬಂದು ಆ ಚಿತ್ರವನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಳು.

"ಇದು ಯಾವ ಗಿಡ ಅಂತ ರೆಡ್ಡಿ ಸರ್ ಹೇಳಲಿ."

"ಗಣಿಕೆ. ನಾನೇ ಕೊಟ್ಟ ಫೋಟೋ ಅಲ್ವೇನಮ್ಮ?"

"ಉಮ್ಮತ್ತಿ ಸರ್. ವಿಷ. ಎರಡೂ ಎಳೆ ಗಿಡ ತಂದು ಲ್ಯಾಬಿನಲ್ಲಿ ಪಕ್ಕಪಕ್ಕ ಇಟ್ಟಿದೀನಿ, ಯಾರು ಬೇಕಾದ್ರೂ ಬಂದು ನೋಡಬಹುದು. ನನಗೂ ಕಂಡಿರಲಿಲ್ಲ, ನಿಮಗೂ ಕಂಡಿರಲಿಲ್ಲ. ಕಂಡಿದ್ದು ಅವರೊಬ್ಬರಿಗೇ."

ರೆಡ್ಡಿಯವರ ಕೈಯಲ್ಲಿದ್ದ ಪಟ್ಟಿಯ ಕಡೆ ಬೆರಳು ತೋರಿಸಿದಳು.

"ಅವರ ಹೆಸರು ತೆಗೆಯೋದಾದ್ರೆ ಈ ಪೇಪರ್ ಪಟ್ಟಿಯಲ್ಲೇ ಬೇಡ. ಗೆಸ್ಟ್ ಲಿಸ್ಟಿಗೆ ಸೈನ್ ಹಾಕೋದು ಬಿಡೋದು ನಿಮಗೆ ಸೇರಿದ್ದು."

ಹಿಂದೆ ನಕ್ಕವರೂ ಈಗ ಆ ಚಿತ್ರದ ಕಡೆ ಬಗ್ಗಿ ನೋಡಿದರು...

ಪ್ರಿನ್ಸಿಪಾಲರು ಪೆನ್ನು ತೆಗೆದು ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿ, ಇನ್ನೊಂದು ಹೆಸರು ಬರೆದರು. ಆಮೇಲೆ ತಲೆ ಎತ್ತಿ ಕೇಳಿದರು. "ಸಂಸ್ಥೆ ಅಂತ ಒಂದು ಕಾಲಂ ಇದೆಯಲ್ಲ ಮೇಡಂ... ಏನು ಬರೀಲಿ?"

"ಸಂತೆ ಮೈದಾನ, ಸೊಪ್ಪಿನ ಸಾಲು."

ಮುಂದಿನ ವರ್ಷದ ಲಿಸ್ಟ್ ಬಂತು. ವಾರಕ್ಕೆ ಹದಿನೈದು ಗಂಟೆ ಇದ್ದ ಪಾಠ ಎಂಟು ಗಂಟೆಗೆ ಇಳಿದಿತ್ತು. ಯಾಕೆ ಎಂದು ವೇದಾವತಿ ಕೇಳಲಿಲ್ಲ... ಯಾರ ಬಾಗಿಲಿಗೂ ಹೋಗಲಿಲ್ಲ. ಆ ಎಂಟು ಗಂಟೆಯೂ ಬೋರ್ಡಿನ ಮುಂದೆ ನೆಟ್ಟಗೆ ನಿಂತು ಪಾಠ ಮಾಡಿದಳು.

ತಿದ್ದಿದ ಲೇಖನ ಅಚ್ಚಾಗಿ ಬಂದ ಮಂಗಳವಾರ, ಸಂತೆಯಲ್ಲಿ ಕೂತು, ಇಬ್ಬರ ಹೆಸರೂ ಇದ್ದ ಮೊದಲ ಸಾಲು ಓದಿದಳು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಪಕ್ಕದ ಟೊಮೆಟೊ ಅಂಗಡಿಯವಳನ್ನು ಕೂಗಿದರು. "ಏ ಗಂಗುಲಮ್ಮ, ತಕ್ಕಡಿ ಇಟ್ಟು ಬಾರೆ ಇಲ್ಲಿ. ಟೀಚರಮ್ಮ, ಇನ್ನೊಂದ್ ಕಿತ ಓದು... ವಸಿ ಜೋರಾಗಿ ಓದು."

.

*ನಮ್ಮ ಹೆಸರನ್ನು ಬಿಟ್ಟುಕೊಟ್ಟರೆ ಅದು ದೊಡ್ಡತನ ಇರಬಹುದು... ಇನ್ನೊಬ್ಬರ ಹೆಸರನ್ನು ಬಿಟ್ಟುಕೊಡುವ ಹಕ್ಕು ಮಾತ್ರ ನಮಗಿಲ್ಲ.*

ನೀವು ಇಂದು ತಿಳಿದಿರುವುದನ್ನು ನಿಮಗೆ ಕಲಿಸಿದವರಲ್ಲಿ, ನಾಲ್ಕು ಜನರ ಮುಂದೆ ನೀವು ಇನ್ನೂ ಹೇಳದೇ ಉಳಿದಿರುವ ಹೆಸರು ಯಾವುದು?