ಪದರದ ಸಿಹಿ

ಮದುವೆಯ ಹೊಸತರಲ್ಲಿ, ಬ್ಯಾಂಕಾಕಿನ ನೌಕರಿಯ ದಿನಗಳಲ್ಲಿ, ಗಂಡ ಹೆಂಡತಿ ಭಾನುವಾರ ತಪ್ಪದೆ ಬರುತ್ತಿದ್ದ ಹಳೆಯ ಶಾಪಿಂಗ್ ಕಾಂಪ್ಲೆಕ್ಸು ಅದು. ತನಗಿನ್ನು ಉಳಿದಿರುವುದು ಕೆಲವೇ ತಿಂಗಳೆಂಬ ವೈದ್ಯರ ಮಾತನ್ನು ಅವಳಿಗೆ ತಿಳಿಯಗೊಡದೆ, ಹಳೆಯ ರುಚಿಯ ನೆಪ ಹೇಳಿ ಆ ವೃದ್ಧ ಅವಳನ್ನು ಕರೆತಂದಿದ್ದ. ತೆಂಗಿನ ಹಾಲಿನ ಸಿಹಿಯನ್ನು ಅಂದಿನಂತೆಯೇ ಪದರ ಪದರವಾಗಿ ಬಿಡಿಸಿ ತಿನ್ನುತ್ತ ಕುಳಿತ. ಅವಳು ಮಾತ್ರ, ಮರೆತುಹೋದ ಥಾಯ್ ಭಾಷೆಯಲ್ಲಿ ತಡವರಿಸುತ್ತ, ಹಿಟ್ಟು ಯಾವುದು, ಹಬೆ ಎಷ್ಟು ಹೊತ್ತು ಎಂದು ಅಂಗಡಿಯಾಕೆಯನ್ನು ಬಿಡದೆ ಕೇಳುತ್ತಿದ್ದಳು.

"ಆಗೆಲ್ಲ ಗೋಗರೆದರೂ ಕಲೀಲಿಲ್ಲ. ಈ ವಯಸ್ಸಲ್ಲಿ ಹೋಟೆಲ್ ಇಡ್ತೀಯೇನೇ?" ಎಂದು ಅವನು ನಕ್ಕ.

ಅವಳು ನಗಲಿಲ್ಲ. ಅವನ ತುಟಿಗಂಟಿದ ಚೂರನ್ನು ಸೆರಗಿನಿಂದ ಒರೆಸಿದಳು.

"ತಿಥಿ ದಿನ ನಿಮಗಿಷ್ಟವಾದದ್ದನ್ನ ಎಡೆ ಇಡದಿದ್ರೆ, ಕಾಗೆ ಮುಟ್ಟುತ್ತೇನ್ರೀ?"